ದೂಳಿಗೆ ಮೇಲ್ದಾರಿ

ತಾಳವಾಡಿಯ ಕಣಗಳಲ್ಲಿ ರಾಗಿ ತೂರುವ ಹೊತ್ತು ಹೊಟ್ಟಿನ ದೂಳು ಮೂಗಿಗೇ ನುಗ್ಗುತ್ತದೆ. ಸಂಜೆ ಒಂದೆರಡು ಸಲ ಕ್ಯಾಕರಿಸಿದರೆ ಆಯಿತು. ಅದಕ್ಕಾಗಿ ಒಳಗೆ ನಡೆದ ಕೆಲಸ ನೋಡಬೇಕು! ಶ್ವಾಸನಾಳದ ಒಳಮೈಯ ಒಂದೊಂದು ರೋಮಕೋಶದ ತಲೆಯ ಮೇಲೂ ಸುಮಾರು 200 ಸೂಕ್ಷ್ಮರೋಮಗಳು. ಸೆಕೆಂಡಿಗೆ ಹತ್ತು ಬಾರಿಯಾದರೂ ಬೀಸುತ್ತವೆ. ಬೀಸುವಾಗ ನೆಟ್ಟಗೆ ನಿಂತು, ತುದಿಯಿಂದ ದೂಳು ಹಿಡಿದ ಅಂಟುಲೋಳೆಯನ್ನು ಮೇಲಕ್ಕೆ ನೂಕುತ್ತವೆ. ಹಿಂದಿರುಗುವಾಗ ಬಾಗಿ, ಲೋಳೆಯಡಿಯ ತೆಳುನೀರಿನಲ್ಲೇ ನುಸುಳಿ ಬರುತ್ತವೆ, ನೂಕಿದ್ದನ್ನು ಮತ್ತೆ ಎಳೆಯದ ಹಾಗೆ. ಎಂಥ ಜಾಣತನ! ಎಲ್ಲವೂ ಒಟ್ಟಿಗೆ ಬೀಸುವುದೂ ಇಲ್ಲ. ಪಕ್ಕದ್ದಕ್ಕಿಂತ ಚೂರು ತಡ, ಗಾಳಿಗೆ ತೊನೆಯುವ ರಾಗಿ ಹೊಲದಂತೆ ಅಲೆ ಸಾಗುತ್ತದೆ. ನಿಮಿಷಕ್ಕೆ ಕೆಲವೇ ಮಿಲಿಮೀಟರ್ ಏರುತ್ತ ಲೋಳೆ ಗಂಟಲು ಮುಟ್ಟುತ್ತದೆ. ಬಹುಪಾಲನ್ನು ಗೊತ್ತೇ ಆಗದೆ ನುಂಗಿಬಿಡುತ್ತೇವೆ (ಅಸಹ್ಯಪಡಬೇಡಿ, ಮುಂದಿನದನ್ನು ಜಠರದ ಆಮ್ಲ ನೋಡಿಕೊಳ್ಳುತ್ತದೆ). ಬೀಡಿ ಹೊಗೆ ಮಾತ್ರ ಈ ರೋಮಗಳನ್ನು ಕುಗ್ಗಿಸುತ್ತದೆ; ಆಮೇಲೆ ಲೋಳೆ ಹೊರಹಾಕುವ ಹೊರೆಯೆಲ್ಲ ಕೆಮ್ಮಿನ ಮೇಲೆ.