ಬೋಧನೆಯಲ್ಲಿ ಪ್ರಶ್ನೆಯ ಸ್ಥಾನ

ಕಲಿಯುವವರ ಚಿತ್ತವನ್ನು ಸೆಳೆದು ನಿಲ್ಲಿಸುವ ಬೋಧನಕ್ರಮ ಯಾವುದೆಂಬ ಚರ್ಚೆಯಲ್ಲಿ, ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಗೆ ಚಿರಪರಿಚಿತವಾದ ಶ್ರೀಕೃಷ್ಣ ಪಾರಿಜಾತವನ್ನು ನಾವು ಸಾಕ್ಷಿಯಾಗಿ ಕರೆಯಬಯಸುತ್ತೇವೆ. ಕುಲಗೋಡ ತಮ್ಮಣ್ಣನು ರಂಗಕ್ಕೆ ಹೊಂದಿಸಿದ, ಕೌಜಲಗಿ ನಿಂಗಮ್ಮನವರು ಮೆರೆಯಿಸಿದ ಈ ಆಟದ ಕಥೆ ಪ್ರೇಕ್ಷಕರಿಗೆ ಮೊದಲೇ ಗೊತ್ತು. ನಾರದನು ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಆದರೂ ಜನ ಕದಲದೆ ಕುಳಿತು ನೋಡುವರು. ಹಾಡಿನ ಮಾಧುರ್ಯ ಇದಕ್ಕೆ ಒಂದು ಕಾರಣ. ಸಂವಾದದ ರೀತಿ ಇನ್ನೊಂದು. ಪಾತ್ರವು ರಂಗಕ್ಕೆ ಬಂದೊಡನೆ ಭಾಗವತನು ಏನೂ ಅರಿಯದವನಂತೆ ಪ್ರಶ್ನಿಸುತ್ತಾನೆ. ಬಂದ ಉತ್ತರದಿಂದಲೇ ಮುಂದಿನ ಪ್ರಶ್ನೆಯನ್ನು ಹುಟ್ಟಿಸುತ್ತಾನೆ.

ನಮ್ಮ ತರಗತಿಗಳಲ್ಲಿಯೂ ಪ್ರಶ್ನೆಗಳಿಗೆ ಕೊರತೆಯಿಲ್ಲ. ಆದರೆ ಅವು ಬಹುಮಟ್ಟಿಗೆ ಉತ್ತರವನ್ನು ಅಳೆಯುವವು, ಬೆಳೆಯಿಸುವವು ವಿರಳ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯು ಮಕ್ಕಳನ್ನು ಗುಂಪುಗಳಲ್ಲಿ ಕೂಡಿಸಿ, ಕಲಿಕೆಯ ಏಣಿಯನ್ನು ಅವರವರ ಗತಿಯಲ್ಲಿ ಏರಗೊಟ್ಟುದು ದೊಡ್ಡ ಉಪಕಾರವೇ ಸರಿ. ಆದರೆ ಕಾರ್ಡು ಮಗುವಿನ ಕೈಗೆ ಕೆಲಸ ಕೊಡಬಲ್ಲುದೇ ಹೊರತು, ಅದು ತಪ್ಪಿ ಆಡಿದ ಮಾತನ್ನು ಹಿಡಿದು ಮರುಪ್ರಶ್ನೆ ಹಾಕಲಾರದು. ಅದು ಶಿಕ್ಷಕರ ಹೊಣೆ. ತಪ್ಪು ಉತ್ತರವನ್ನು ‘ಕೂಡ್ರು’ ಎಂಬ ಒಂದೇ ಮಾತಿನಿಂದ ಮುಗಿಸಿದರೆ ಮಗು ಆ ದಿನ ಕಲಿಯುವುದು ಮೌನವನ್ನು ಮಾತ್ರ.

ಪಾರಿಜಾತದ ಪದವೊಂದನ್ನು ಶಾಲೆಯಲ್ಲಿ ಹಾಡಿಸಿದ ಮಾತ್ರಕ್ಕೆ ಬೋಧನೆಯು ಜೀವಂತವಾಗದು. ಭಾಗವತನ ಕೇಳುವ ತಾಳ್ಮೆಯನ್ನು ಅಧ್ಯಾಪಕರ ತರಬೇತಿಯು ಅಭ್ಯಾಸಕ್ಕೆ ತರಬೇಕೆಂಬುದು ನಮ್ಮ ಅಭಿಮತ.