ಜನವಾಕ್ಯದ ಪ್ರಾಮಾಣ್ಯ: ಚಿನ್ನದ ಗಣಿ ಮತ್ತು ಬಂಗಾರಪೇಟೆಗಳ ನಿದರ್ಶನ

ದೇಶದೇಶಗಳ ಏಳುಬೀಳುಗಳನ್ನು ಕುರಿತು ಸಾಮಾನ್ಯ ಜನರು ಆಡುವ ಮಾತು ಸಾಹಿತ್ಯವಿಮರ್ಶೆಗೆ ವಿಷಯವಾಗಬಹುದೇ ಎಂಬ ಪ್ರಶ್ನೆಯನ್ನು ಕನ್ನಡದ ವಿದ್ವಾಂಸರು ಬಹುಮಟ್ಟಿಗೆ ಎತ್ತಿಯೇ ಇಲ್ಲ. ಗಾದೆ, ಒಗಟು, ಲಾವಣಿ, ಹಂತಿಯ ಪದ ಇವುಗಳ ಸಂಗ್ರಹಕ್ಕಾಗಿ ಪಟ್ಟ ಶ್ರಮವು ಶ್ಲಾಘ್ಯವಾದುದೇ. ಆದರೆ ರೈಲುನಿಲ್ದಾಣದ ಕಲ್ಲುಬೆಂಚಿನ ಮೇಲೆ, ಕ್ಷೌರದಂಗಡಿಯ ಮುಂದೆ, ಕಾಫಿಯ ಹೋಟಲಿನಲ್ಲಿ ಯುದ್ಧ ಸಂಧಿ ವಿಗ್ರಹಗಳನ್ನು ಕುರಿತು ನಡೆಯುವ ವಾಗ್ವಾದಕ್ಕೆ ‘ಹರಟೆ’ ಎಂಬ ಒಂದೇ ಹೆಸರನ್ನಿಟ್ಟು ಅವರು ಮುಂದೆ ಸಾಗಿಬಿಟ್ಟಿರುವರು. ಈ ಹೆಸರು ಯುಕ್ತವಾದುದೇ ಎಂಬುದು ಪರೀಕ್ಷಿಸತಕ್ಕ ವಿಷಯ.

ಪೂರ್ವಪಕ್ಷವು ಬಲವಾದುದೇ ಸರಿ. ನೈಯಾಯಿಕರು ‘ಐತಿಹ್ಯ’ವೆಂಬುದನ್ನು ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸುವುದಿಲ್ಲ. ಈ ಆಲದ ಮರದಲ್ಲಿ ಯಕ್ಷನೊಬ್ಬನು ವಾಸಮಾಡುವನೆಂದು ಜನರು ಹೇಳುವರು. ಮೊದಲು ಹೇಳಿದವನು ಯಾರೆಂಬುದು ಮಾತ್ರ ಯಾರಿಗೂ ತಿಳಿಯದು. ಇದು ಶಾಸ್ತ್ರಕಾರರು ಕೊಡುವ ಉದಾಹರಣೆ. ಆಪ್ತನ ಮಾತಾದರೆ ಅದು ಶಬ್ದಪ್ರಮಾಣದಲ್ಲಿಯೇ ಅಡಗುವುದು; ಅಲ್ಲವಾದರೆ ಪ್ರಮಾಣವೇ ಆಗದು. ಬಂಗಾರಪೇಟೆಯ ನಿಲ್ದಾಣದಲ್ಲಿ ಮದರಾಸಿನ ಬಂಡಿಯಿಂದಿಳಿದವನು ಬರ್ಲಿನ್ನಿನ ಸಂಗತಿಯನ್ನು ಹೇಳಿದರೆ ಅದೂ ಆಲದ ಮರದ ಯಕ್ಷನೇ ಅಲ್ಲವೆ? ಮೂಲವಕ್ತೃವು ಅಜ್ಞಾತ, ವಿಷಯವು ಇಂದ್ರಿಯಗೋಚರವಲ್ಲ, ಹೇಳುವವನಿಗೆ ಅದರಿಂದ ಲಾಭನಷ್ಟಗಳಿಲ್ಲ. ಇಂಥ ಮಾತಿಗೆ ಪ್ರಾಮಾಣ್ಯವೆಲ್ಲಿಯದು?

ಆದರೆ ಪ್ರಾಚೀನರೇ ಈ ಮಾತನ್ನು ಇಷ್ಟು ಸುಲಭವಾಗಿ ತಳ್ಳಿಹಾಕಿಲ್ಲ. ಕೌಟಿಲ್ಯನು ತೀರ್ಥಗಳಲ್ಲಿಯೂ ಸಭೆಗಳಲ್ಲಿಯೂ ಜನಸಂದಣಿಯಲ್ಲಿಯೂ ಗೂಢಪುರುಷರು ತಮ್ಮಲ್ಲಿಯೇ ವಾದ ಹೂಡಿ ಅರಸನ ವಿಷಯದಲ್ಲಿ ಪ್ರಜೆಗಳ ಅಭಿಪ್ರಾಯವನ್ನು ಹೊರಡಿಸಬೇಕೆಂದು ವಿಧಿಸಿರುವನು. ರಾಮಾಯಣದ ಉತ್ತರಕಾಂಡದಲ್ಲಿ ಭದ್ರನೂ ಭವಭೂತಿಯ ನಾಟಕದಲ್ಲಿ ದುರ್ಮುಖನೂ ಊರಿನ ಮಾತನ್ನು ತಂದು ಅರಸನ ಕಿವಿಗೆ ಹಾಕುವರು. ಆ ಒಂದು ಮಾತಿನಿಂದ ಸೀತೆಯು ಕಾಡುಪಾಲಾಗುವಳು. ಕಾಳಿದಾಸನ ಮೇಘವು ಅವಂತಿಯ ಮೇಲೆ ಸಾಗುವಾಗ ಅಲ್ಲಿಯ ಗ್ರಾಮವೃದ್ಧರು ಉದಯನನ ಕಥೆಯನ್ನು ಬಲ್ಲವರೆಂಬುದನ್ನು ಕವಿ ಮರೆಯದೆ ಹೇಳುವನು. ಆದರೂ ಇಲ್ಲೆಲ್ಲ ಒಂದು ಕೊರತೆಯುಂಟು. ಜನವಾಕ್ಯವು ಅರಸನಿಗೆ ಉಪಯೋಗವಾಗುವಷ್ಟರ ಮಟ್ಟಿಗೆ ಮಾತ್ರ ಕಾವ್ಯದೊಳಕ್ಕೆ ಬರುತ್ತದೆ. ಆಡಿದವನ ಮುಖವು ಕಾಣುವುದಿಲ್ಲ. ಅಗಸನಾಡಿದ ಮಾತೆಂದು ಲೋಕಕಥೆ ಹೇಳುವುದೇ ಹೊರತು, ಅವನೇಕೆ ಹಾಗೆ ಆಡಿದನೆಂದು ಕೇಳುವವರಿಲ್ಲ.

ಈ ಕೊರತೆಯಿಲ್ಲದ ಗ್ರಂಥವೆಂದರೆ ಶೂದ್ರಕನ ಮೃಚ್ಛಕಟಿಕ. ಅದರ ಆರನೆಯ ಅಂಕದಲ್ಲಿ, ಸೆರೆಯಿಂದ ತಪ್ಪಿಸಿಕೊಂಡ ಗೊಲ್ಲರ ಹುಡುಗ ಆರ್ಯಕನು ಬಂಡಿಯಲ್ಲಿ ಅಡಗಿರುವನು. ಕಾವಲಿನವರಾದ ವೀರಕ ಚಂದನಕರಿಬ್ಬರೂ ಬಂಡಿಯನ್ನು ತಡೆಯುವರು. ಚಂದನಕನು ಒಳಗೆ ಇಣಿಕಿ ನೋಡಿ, ಅಭಯ ಕೊಟ್ಟು, ಹೊರಕ್ಕೆ ಬಂದು ಮಾತಾಡುವಾಗ ಗಂಡಸನ್ನು ಕಂಡೆನೋ ಹೆಂಗಸನ್ನು ಕಂಡೆನೋ ಎಂಬಲ್ಲಿ ಲಿಂಗವನ್ನು ತಪ್ಪುವನು. ವೀರಕನಿಗೆ ಸಂಶಯ ಹುಟ್ಟುತ್ತದೆ. ಆಗ ಚಂದನಕನು ಹೇಳುವ ಸಮಾಧಾನವು ಗಮನಾರ್ಹವಾದುದು: ತಾವು ದಾಕ್ಷಿಣಾತ್ಯರು, ಸ್ಫುಟವಾಗಿ ಮಾತಾಡಲರಿಯದವರು, ಅನೇಕ ಮ್ಲೇಚ್ಛಜನಗಳ ಭಾಷೆಗಳನ್ನು ಕಲಿತು ಬಾಯಿಗೆ ಬಂದಂತೆ ನುಡಿಯುವವರು ಎಂದು. ಅದೂ ಸಾಲದಾದಾಗ ‘ಕರ್ಣಾಟ ಕಲಹ’ವನ್ನು ಹೂಡುವೆನೆಂದು ನಿಶ್ಚಯಿಸಿ ಜಗಳ ತೆಗೆಯುವನು. ಕನ್ನಡಿಗರ ಜಗಳಕ್ಕೆ ಉಜ್ಜಯಿನಿಯವರೆಗೆ ಹಬ್ಬಿದ್ದ ಕೀರ್ತಿಯನ್ನು ಕಂಡು ಕನ್ನಡದ ಅಧ್ಯಾಪಕರು ನಕ್ಕು ಮುಂದಿನ ಪುಟಕ್ಕೆ ಹೋಗುವುದು ವಾಡಿಕೆ. ಇಲ್ಲಿ ನಿಂತು ನೋಡಬೇಕು. ರಾಜ್ಯವು ಪಾಲಕನಿಂದ ಆರ್ಯಕನಿಗೆ ಕೈಮಾರುವುದು ಈ ಕಾವಲುಗಾರನೊಬ್ಬನ ವಿವೇಚನೆಯಿಂದ. ಅವನು ನೀತಿಶಾಸ್ತ್ರವನ್ನು ಓದಿದವನಲ್ಲ. ಅವನ ಮಾತು ಬೆರಕೆಯ ಮಾತು. ಆದರೆ ಯಾರು ನ್ಯಾಯವಂತನು, ಯಾರ ಪಕ್ಷಕ್ಕೆ ನಿಲ್ಲಬೇಕು ಎಂಬುದನ್ನು ಅವನು ತಾನಾಗಿ ತೂಗಿ ನಿರ್ಣಯಿಸಿದನು. ಶೂದ್ರಕನು ಅದನ್ನು ಹರಟೆಯೆಂದು ಎಣಿಸಲಿಲ್ಲ.

ಇಂಥ ಬೆರಕೆಯ ನುಡಿಯೂ ಇಂಥ ವಿವೇಚನೆಯೂ ಸೇರಿರುವ ನೆಲವು ಕನ್ನಡನಾಡಿನಲ್ಲಿ ಯಾವುದೆಂದರೆ ಕೋಲಾರದ ಚಿನ್ನದ ಗಣಿ ಹಾಗೂ ಅದರ ಹೆಬ್ಬಾಗಿಲಾದ ಬಂಗಾರಪೇಟೆ. ಜಾನ್ ಟೇಲರ್ ಕಂಪೆನಿಯವರು 1880ರಿಂದ ಇಲ್ಲಿ ಗಣಿ ನಡೆಸಿದರು. ಉತ್ತರ ಆರ್ಕಾಟಿನಿಂದ ತಮಿಳರು, ಚಿತ್ತೂರಿನ ಕಡೆಯಿಂದ ತೆಲುಗರು, ಸುತ್ತಲಿನ ಹಳ್ಳಿಗಳಿಂದ ಕನ್ನಡಿಗರು, ಕಾರ್ನ್‌ವಾಲಿನಿಂದ ಇಂಗ್ಲಿಷರು, ಇಟಲಿಯವರು, ಆಂಗ್ಲೋ ಇಂಡಿಯನ್ನರು ಬಂದು ನೆಲೆಸಿದರು. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬಂದಿತು. ಚಾಂಪಿಯನ್ ರೀಫ್ ಗಣಿಯು ಕಾಲಾಂತರದಲ್ಲಿ ನೆಲದೊಳಗೆ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿಯಿತು. 1956ರಲ್ಲಿ ಗಣಿಗಳು ಸರ್ಕಾರದ ವಶವಾದುವು; 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟುವು. ಇದೆಲ್ಲ ಪ್ರಸಿದ್ಧವಾದುದೇ.

ಇಲ್ಲಿಯ ಜನವಾಕ್ಯವು ಬೇರೆಡೆಯ ಜನವಾಕ್ಯಕ್ಕಿಂತ ಹೇಗೆ ಭಿನ್ನವೆಂಬುದನ್ನು ಹೇಳಬೇಕಾಗಿದೆ. ಭತ್ತ ರಾಗಿ ಬೆಳೆಯುವವನಿಗೆ ಲಂಡನ್ನಿನ ಮಂತ್ರಿಸಭೆಯ ನಿರ್ಣಯವು ಸುತ್ತುಬಳಸಿ, ತಡವಾಗಿ ಮುಟ್ಟುತ್ತದೆ. ಚಿನ್ನವನ್ನು ಅಗೆಯುವವನಿಗೆ ಹಾಗಲ್ಲ. ಅವನು ಅಗೆಯುವ ವಸ್ತುವೇ ಲೋಕದ ನಾಣ್ಯಗಳ ಅಳತೆಗೋಲಾಗಿದ್ದಿತು. 1931ರ ಸೆಪ್ಟೆಂಬರ್ 21ರಂದು ಬ್ರಿಟನ್ನು ಸುವರ್ಣಪ್ರಮಾಣವನ್ನು ಕೈಬಿಟ್ಟಿತು. ಅಲ್ಲಿಯವರೆಗೆ ಔನ್ಸಿಗೆ ಸುಮಾರು 85 ಷಿಲ್ಲಿಂಗುಗಳಷ್ಟಿದ್ದ ಚಿನ್ನದ ಬೆಲೆಯು ಏರತೊಡಗಿತು. 1934ರ ಜನವರಿಯಲ್ಲಿ ಅಮೆರಿಕದವರು 20.67 ಡಾಲರುಗಳ ಬೆಲೆಯನ್ನು 35ಕ್ಕೆ ಏರಿಸಿದರು. ಅದೇ ಕಾಲದಲ್ಲಿ ಹಿಂದೂಸ್ಥಾನದ ಹಳ್ಳಿಗಳಲ್ಲಿ ಬೆಳೆಯ ಬೆಲೆ ಕುಸಿದು, ರೈತರು ಹೆಂಗಸರ ಮೈಮೇಲಿನ ಒಡವೆಗಳನ್ನು ಮಾರಿದರು. ಆ ಚಿನ್ನವೆಲ್ಲ ಹಡಗು ಹತ್ತಿ ಹೊರಟುಹೋಯಿತು. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ನೆಲದಿಂದ ತೆಗೆದ ಚಿನ್ನ, ಇನ್ನೊಂದು ಕಡೆ ಕೊರಳಿಂದ ತೆಗೆದ ಚಿನ್ನ. ಎರಡರ ದಾರಿಯೂ ಸಮುದ್ರದ ಕಡೆಗೇ. ಚಿನ್ನದ ಬೆಲೆ ಏರಿತೆಂಬ ವಾರ್ತೆಯನ್ನು ಕೇಳಿ, ಆ ಏರಿಕೆಯಲ್ಲಿ ತನ್ನ ಕೂಲಿಗೆ ಬರತಕ್ಕ ಪಾಲೆಷ್ಟು ಎಂದು ಊರಿಗಾಮಿನ ಲೈನಿನಲ್ಲಿ ಒಬ್ಬನು ಕೇಳಿದರೆ, ಅದು ಲೋಕರಾಜಕೀಯವನ್ನು ಕುರಿತ ಪ್ರಶ್ನೆಯೇ ಆಗಿರುತ್ತದೆ. ಸ್ವಾತಂತ್ರ್ಯಾನಂತರವೂ ಈ ಸಂಬಂಧವು ಕಡಿಯಲಿಲ್ಲ. ಗಣಿಯ ಚಿನ್ನವನ್ನು ಪೇಟೆಯ ಬೆಲೆಗಲ್ಲ, ಅದಕ್ಕಿಂತ ಬಹಳ ಕಡಿಮೆಯಾದ ಅಂತರರಾಷ್ಟ್ರೀಯ ನಿಗದಿಯ ಬೆಲೆಗೆ ಸರ್ಕಾರವು ತೆಗೆದುಕೊಳ್ಳುತ್ತಿದ್ದ ಕಾಲವೊಂದಿತ್ತು. ಗಣಿಯು ನಷ್ಟದಲ್ಲಿದೆಯೆಂಬ ಲೆಕ್ಕವು ಎಷ್ಟರ ಮಟ್ಟಿಗೆ ಬಂಡೆಯದು, ಎಷ್ಟರ ಮಟ್ಟಿಗೆ ಕಾಗದದ್ದು ಎಂಬ ವಾದವು ಅಲ್ಲಿಂದಲೇ ಹುಟ್ಟಿತು. 1971ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ನನು ಡಾಲರಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿದುದು ಈ ಊರಿನವರಿಗೆ ದೂರದ ವಾರ್ತೆಯಾಗಿರಲು ಕಾರಣವಿರಲಿಲ್ಲ.

ಹೀಗಿರುವಾಗ ನೈಯಾಯಿಕರ ಆಕ್ಷೇಪವು ಅರ್ಧದಷ್ಟು ಬಿದ್ದುಹೋಗುತ್ತದೆ. ಬೆಲೆಯನ್ನು ನಿರ್ಣಯಿಸಿದವನಾರೆಂಬುದು ಐತಿಹ್ಯವಾಗಿರಬಹುದು. ಅದರ ಫಲವು ತನ್ನ ಕೈಯ ಕೂಲಿಯಲ್ಲಿ ಪ್ರತ್ಯಕ್ಷವಾಗಿದೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವವನಿಗೂ ಕೂಲಿಯನ್ನು ಕಂಡು ಲಂಡನ್ನನ್ನು ಊಹಿಸುವವನಿಗೂ ನ್ಯಾಯದ ದೃಷ್ಟಿಯಿಂದ ಭೇದವಿಲ್ಲ. ವ್ಯಾಪ್ತಿಯಲ್ಲಿ ದೋಷವಿರಬಹುದು, ಆಗ ತೋರಿಸಬೇಕಾದುದು ಹೇತ್ವಾಭಾಸವನ್ನೇ ಹೊರತು ಊಹಿಸಿದವನ ಕುಲಕಸುಬನ್ನಲ್ಲ.

ಇನ್ನೊಂದು ನಿದರ್ಶನವು ಇದಕ್ಕಿಂತಲೂ ಮಿಗಿಲಾದುದು. 1930ರಲ್ಲಿ ಗಣಿಯ ಕೆಲಸಗಾರರು ಬೆರಳೊತ್ತಿನ ಗುರುತಿನಿಂದ ತಮ್ಮನ್ನು ದಾಖಲೆ ಮಾಡಿಕೊಳ್ಳುವ ಏರ್ಪಾಡನ್ನು ಪ್ರತಿಭಟಿಸಿ ಕೆಲಸ ನಿಲ್ಲಿಸಿದರು. ಇದಕ್ಕೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಟ್ರಾನ್ಸ್‌ವಾಲಿನಲ್ಲಿ, ಅದೂ ಚಿನ್ನದ ಗಣಿಗಳ ನಗರವಾದ ಜೊಹಾನ್ಸ್‌ಬರ್ಗಿನಲ್ಲಿ, ಬೆರಳೊತ್ತು ಕೊಡಬೇಕೆಂಬ ಕಾನೂನಿಗೆ ವಿರೋಧವಾಗಿಯೇ ಗಾಂಧಿಯವರ ಸತ್ಯಾಗ್ರಹವು 1906ರಲ್ಲಿ ಮೊಳೆಯಿತು. ಒಂದರಿಂದ ಇನ್ನೊಂದು ಹುಟ್ಟಿತೆಂದು ಇಲ್ಲಿ ಹೇಳುತ್ತಿಲ್ಲ. ಅದಕ್ಕೆ ಆಧಾರ ಬೇಕು. ಚಿನ್ನವನ್ನು ತೆಗೆಯುವ ಕೈಯನ್ನೇ ಕಳ್ಳನ ಕೈಯಂತೆ ಗುರುತು ಹಾಕಿಸಿಕೊಳ್ಳಬೇಕೆಂಬುದು ಅವಮಾನವೆಂದು ಎರಡು ಖಂಡಗಳಲ್ಲಿ ಬೇರೆ ಬೇರೆ ಜನರಿಗೆ ತೋರಿತೆಂಬುದಷ್ಟೇ ವಿವಕ್ಷಿತ. ಹೆಬ್ಬೆಟ್ಟು ಒತ್ತುವವನೆಂದರೆ ನಿರಕ್ಷರಿಯೆಂದು ಪಂಡಿತರ ಎಣಿಕೆ. ಈ ನಿರಕ್ಷರಿಗಳಾದರೋ ಹೆಬ್ಬೆಟ್ಟನ್ನು ಒತ್ತುವುದಿಲ್ಲವೆಂದೇ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. 1946ರ ಮುಷ್ಕರದ ಕಾಲದಲ್ಲಿ ಇದೇ ನೆಲದಲ್ಲಿ ಪೋಲೀಸರ ಗುಂಡಿಗೆ ಕೆಲಸಗಾರರು ಬಲಿಯಾದುದನ್ನೂ ನೆನೆಯಬೇಕು.

ಕನ್ನಡ ಸಾಹಿತ್ಯವು ಈ ವಾಕ್ಯವನ್ನು ಹೇಗೆ ಕೇಳಿತು? ಪರೀಕ್ಷೆಗೆ ತೆಗೆದುಕೊಳ್ಳಬೇಕಾದವರು ಡಿ. ವಿ. ಗುಂಡಪ್ಪನವರೇ; ಏಕೆಂದರೆ ಲೋಕಾಭಿಪ್ರಾಯವನ್ನು ಅವರಷ್ಟು ಗಂಭೀರವಾಗಿ ಭಾವಿಸಿದ ಕನ್ನಡ ಲೇಖಕರು ವಿರಳ. ಅವರು ಹುಟ್ಟಿದುದು 1887ರಲ್ಲಿ, ಇದೇ ಸೀಮೆಯ ಮುಳಬಾಗಿಲಿನಲ್ಲಿ. ತರುಣರಾಗಿದ್ದಾಗ ಚಿನ್ನದ ಗಣಿಯ ಸೋಡಾ ಕಾರಖಾನೆಯೊಂದರಲ್ಲಿ ಕೆಲಕಾಲ ದುಡಿದುದೂ ಅವರ ಚರಿತ್ರೆಯಲ್ಲಿ ಬರುತ್ತದೆ. 1928ರಲ್ಲಿ ಬಾಗಲಕೋಟೆಯ ಪತ್ರಿಕಾಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು ಅವರೇ. ‘ವೃತ್ತಪತ್ರಿಕೆ’ಯೆಂಬ ಗ್ರಂಥವನ್ನು ಬರೆದವರೂ, 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ. ಪತ್ರಿಕೆಯನ್ನು ನಡೆಸುವವನ ಧರ್ಮವೇನೆಂಬುದರಲ್ಲಿ ಅವರ ವಿಚಾರವು ನಿರ್ದುಷ್ಟವಾದುದು. ಆದರೆ ಪತ್ರಿಕೆಯನ್ನು ಓದಿಸಿಕೊಂಡು ಕೇಳುವವನು, ಕೇಳಿ ತಲೆಯಲ್ಲಾಡಿಸದೆ ಎದುರು ಮಾತಾಡುವವನು, ಅವರ ವಿಚಾರದಲ್ಲಿ ಶಿಷ್ಯಸ್ಥಾನದಲ್ಲಿಯೇ ಉಳಿದನೆಂದು ತೋರುತ್ತದೆ. ಅವನಿಗೆ ತಿಳಿವಳಿಕೆಯನ್ನು ಕೊಡಬೇಕು ಎಂಬುದು ಅವರ ಕಳಕಳಿ. ಅವನಲ್ಲಿ ಈಗಾಗಲೇ ಇರುವ ತಿಳಿವಳಿಕೆ ಎಂಥದೆಂಬುದು ಅಷ್ಟಾಗಿ ಅಲ್ಲ.

1943ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದಲ್ಲಿ ಇದೇ ಲಕ್ಷಣವು ರಸರೂಪದಲ್ಲಿ ಕಾಣುತ್ತದೆ. ಲೋಕದ ಕಳವಳವನ್ನು ಕಂಡು ಪ್ರಶ್ನೆ ಕೇಳುವುದಕ್ಕೆ ಕವಿಯು ಆರಿಸಿಕೊಂಡುದು ಮಂಕನೊಬ್ಬನ ಹೆಸರನ್ನು. ಇದು ದೊಡ್ಡ ಔಚಿತ್ಯ. ಹೆಸರು ತಿಮ್ಮನದಾದರೂ ನುಡಿಯು ಮಾತ್ರ ಹಳಗನ್ನಡದ ಸೊಗಡಿನಿಂದಲೂ ಉಪನಿಷತ್ತಿನ ಪರಿಭಾಷೆಯಿಂದಲೂ ಕೂಡಿದ ಪಂಡಿತನುಡಿ. ತಿಮ್ಮನು ತನ್ನ ಹೆಸರನ್ನು ಕೊಟ್ಟನು, ನಾಲಗೆಯನ್ನು ಕೊಡಲಿಲ್ಲ. ಕಾವ್ಯದ ಗುಣಕ್ಕೆ ಇದರಿಂದ ಕುಂದೇನೂ ಇಲ್ಲ. 945 ಪದ್ಯಗಳ ಆ ಗ್ರಂಥವನ್ನು ಜನರು ಬಾಯಿಪಾಠ ಮಾಡಿಕೊಂಡಿರುವುದೇ ಅದಕ್ಕೆ ಸಾಕ್ಷಿ. ಆದರೆ ಚಂದನಕನ ಜಾತಿಯ ಪಾತ್ರವನ್ನು ಅದರಲ್ಲಿ ಹುಡುಕುವವನಿಗೆ ನಿರಾಶೆಯಾಗುತ್ತದೆ ಎಂಬುದನ್ನು ಮರೆಮಾಚಬಾರದು.

ಗಣಿಯ ಜನರು ತಮ್ಮ ನಾಲಗೆಯನ್ನು ತಾವೇ ಅಚ್ಚುಹಾಕಿಸಿಕೊಂಡದ್ದುಂಟು. ಅಯೋತ್ತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ತಮಿಳನ್’ ಪತ್ರಿಕೆಯು, ಅವರು 1914ರಲ್ಲಿ ತೀರಿಕೊಂಡ ಮೇಲೆ ಕುಂಟುತ್ತ ನಡೆದು, 1926ರಿಂದ ಅಪ್ಪಾದುರೈಯವರ ಸಂಪಾದಕತ್ವದಲ್ಲಿ ಚಿನ್ನದ ಗಣಿಯಿಂದಲೇ ಹೊರಟಿತು. ಬೌದ್ಧಮತವನ್ನು ಆಶ್ರಯಿಸಿದ ಗಣಿಕೆಲಸಗಾರರ ಸಂಘಗಳು ಅದರ ಬೆನ್ನಿಗಿದ್ದುವು. ಮೈಸೂರು ಸಂಸ್ಥಾನದ ನೆಲದಲ್ಲಿ ದುಡಿಯುವವರೇ ಓದಿ, ಓದಿಸಿಕೊಂಡು, ವಾದಿಸಿದ ಪತ್ರಿಕೆಯಿದು. ಕನ್ನಡ ಪತ್ರಿಕೋದ್ಯಮದ ಚರಿತ್ರೆಗಳು ಇದನ್ನು ಎಣಿಸುವುದು ಅಪರೂಪ. ಭಾಷೆಯು ತಮಿಳೆಂಬುದೇ ಕಾರಣವಾಗಿರಬೇಕು. ಇದು ನ್ಯಾಯವೆ? ಕವಿರಾಜಮಾರ್ಗಕಾರನು ನಾಡಿನ ಜನರನ್ನು ಓದದೆಯೂ ಕಾವ್ಯದಲ್ಲಿ ನುರಿತವರೆಂದು ಹೊಗಳಿದಾಗ ಅವರ ಮನೆಮಾತೇನೆಂದು ಒಬ್ಬೊಬ್ಬರನ್ನೂ ವಿಚಾರಿಸಿರಲಾರನು. ಗಣಿಯವರು ತಮ್ಮ ಊರನ್ನು ‘ತಂಗವಯಲ್’ ಎನ್ನುವರು. ಆ ‘ವಯಲ್’ ಕನ್ನಡದ ‘ಬಯಲಿ’ನ ಒಡಹುಟ್ಟು.

ಬಂಗಾರಪೇಟೆಯ ಹೆಸರನ್ನೇ ನೋಡಬಹುದು. ಮೈಸೂರಿನ ಕಮಿಷನರನಾಗಿದ್ದ ಲೆವಿನ್ ಬೌರಿಂಗನ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆಯಾಗಿದ್ದಿತು. ಜನರ ಬಾಯಲ್ಲಿ ಬೌರಿಂಗನು ಬಂಗಾರವಾದನು. ಅಪಭ್ರಂಶವೆಂದು ವೈಯಾಕರಣರು ಹೇಳಬಹುದು. ಆದರೆ ನೆರೆಯ ರಾಬರ್ಟ್‌ಸನ್‌ಪೇಟೆಯೂ ಆಂಡರ್ಸನ್‌ಪೇಟೆಯೂ ದೊರೆಗಳ ಹೆಸರನ್ನೇ ಹೊತ್ತುಕೊಂಡಿರುವಾಗ, ಈ ಒಂದು ಊರು ದೊರೆಯನ್ನು ಬಿಟ್ಟು ನೆಲದ ವಸ್ತುವನ್ನು ಹಿಡಿದುದರಲ್ಲಿ ಅಭಿಪ್ರಾಯವೇ ಇಲ್ಲವೆಂದು ಹೇಳುವುದು ಕಷ್ಟ. ರೈಲ್ವೆಯವರ ಸಂಕೇತದಲ್ಲಿ ಮಾತ್ರ ಆ ನಿಲ್ದಾಣವು ಇಂದಿಗೂ ‘ಬಿ. ಡಬ್ಲ್ಯು. ಟಿ.’, ಬೌರಿಂಗನು ಅಲ್ಲಿ ಮೂರಕ್ಷರವಾಗಿ ಉಳಿದಿರುವನು.

ಇಷ್ಟರಿಂದ ಜನವಾಕ್ಯವೆಲ್ಲವೂ ಜನಾರ್ದನವಾಕ್ಯವೆಂದು ತಿಳಿಯತಕ್ಕದ್ದಲ್ಲ. ಭಾರತವಾಚನದ ಜಗುಲಿಯಿಂದ ಎದ್ದವನು ಪರದೇಶದ ಅರಸನೊಬ್ಬನನ್ನು ದುರ್ಯೋಧನನೆಂದು ಕರೆದರೆ ಉಪಮೆಯು ಸೊಗಸಾಗಿರುತ್ತದೆ. ಆದರೆ ಉಪಮೆಯು ಪ್ರಮಾಣವಲ್ಲ, ಪಾಂಡವರು ಯಾರೆಂಬುದು ಇನ್ನೂ ಸಿದ್ಧವಾಗಬೇಕಷ್ಟೆ. ದ್ವೇಷದಿಂದ ಹುಟ್ಟಿದ ಪುಕಾರು, ಭಯದಿಂದ ಹುಟ್ಟಿದ ಪುಕಾರು, ಕಾಸು ತೆಗೆದುಕೊಂಡು ಹಬ್ಬಿಸಿದ ಪುಕಾರು ಇವೆಲ್ಲ ಈ ರಾಶಿಯಲ್ಲಿ ಬೆರೆತಿರುತ್ತವೆ. ಕೌಟಿಲ್ಯನ ಗೂಢಪುರುಷರು ಈಗಲೂ ನಿರುದ್ಯೋಗಿಗಳಲ್ಲ. ಆದುದರಿಂದಲೇ ವಿಮರ್ಶೆ ಬೇಕಾಗಿದೆ; ಅದಿರಿನಿಂದ ಚಿನ್ನವನ್ನು ಬೇರ್ಪಡಿಸುವವರು ಬಂಡೆಯನ್ನು ಮೊದಲು ಮೇಲಕ್ಕೆ ತಂದು ಪುಡಿಮಾಡುವರಲ್ಲದೆ, ಚಿನ್ನವಿಲ್ಲವೆಂದು ದಂಡೆಯಲ್ಲಿ ಕುಳಿತು ತೀರ್ಪು ಹೇಳುವುದಿಲ್ಲ.

ಗಣಿಗಳು ಮುಚ್ಚಿದ ಬಳಿಕ ಆ ಊರಿನ ಸಾವಿರಾರು ಜನರು ಕೂಲಿ ನೌಕರಿಗಳಿಗಾಗಿ ದಿನವೂ ಬೆಳಗಿನ ಜಾವದಲ್ಲಿ ಮಾರಿಕುಪ್ಪದಿಂದ ಹೊರಡುವ ಬಂಡಿಗಳಲ್ಲಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಿರುವರು. ಚಿನ್ನದ ಬೆಲೆ, ಪರದೇಶದ ಯುದ್ಧ, ಎಣ್ಣೆಯ ದರ ಇವು ಮೂರು ನುಡಿಗಳಲ್ಲಿ, ಒಮ್ಮೊಮ್ಮೆ ಒಂದೇ ವಾಕ್ಯದಲ್ಲಿ ಮೂರೂ ನುಡಿಗಳಾಗಿ, ಅಲ್ಲಿ ಚರ್ಚೆಯಾಗುತ್ತವೆ. 2018ರಲ್ಲಿ ಬಂದ ಚಲನಚಿತ್ರವೊಂದು ಈ ಊರಿನ ಹೆಸರನ್ನು ದೇಶಕ್ಕೆಲ್ಲ ತಿಳಿಸಿತು. ಅದು ಗಣಿಯವನಿಗೆ ಮುಷ್ಟಿಯನ್ನು ಕೊಟ್ಟಿತು, ಮಾತನ್ನು ಅಷ್ಟಾಗಿ ಕೊಡಲಿಲ್ಲ. ಸುಮಾರು ಎರಡು ಗಂಟೆಗಳ ಈ ಪ್ರಯಾಣದ ಮಾತನ್ನು ಕಿವಿಗೊಟ್ಟು ಕೇಳಿ, ಯಾರು ಯಾವುದನ್ನು ಎಲ್ಲಿಂದ ತಿಳಿದು ಹೇಳಿದರೆಂಬುದನ್ನು ಗುರುತಿಟ್ಟು ಬರೆದುಕೊಳ್ಳುವ ಕೆಲಸವನ್ನು ಕೋಲಾರದ ಕಾಲೇಜುಗಳ ಕನ್ನಡ ಅಧ್ಯಾಪಕರು ಕೈಕೊಳ್ಳಬಹುದು. ಅವರ ಜೊತೆಗೆ ತಮಿಳು ತೆಲುಗುಗಳನ್ನು ಬಲ್ಲವರೊಬ್ಬೊಬ್ಬರು ಇರುವುದು ಅವಶ್ಯ.