ಮರವಾಗಿ ಬಗ್ಗಿದವಳು

ಎಂ.ಕೆ. ಇಂದಿರಾ ಅವರ ಹೆಸರೆತ್ತಿದರೆ ಸಾಕು, ನಮ್ಮ ವಿಮರ್ಶೆ ಕಿಸೆಯಿಂದ ಒಂದು ಸಿದ್ಧ ವಾಕ್ಯ ತೆಗೆಯುತ್ತದೆ: ಒಳ್ಳೆಯ ಕಥೆಗಾರ್ತಿ, ಮಲೆನಾಡಿನ ಆಡುಮಾತು ಬಲ್ಲವರು, ‘ಫಣಿಯಮ್ಮ’ ಒಂದು ಅಮೂಲ್ಯ ಸಾಮಾಜಿಕ ದಾಖಲೆ. ದಾಖಲೆಯಂತೆ! ತಾಲ್ಲೂಕು ಕಚೇರಿಯ ಕಡತಕ್ಕೆ ಸಲ್ಲುವ ಈ ಮರ್ಯಾದೆಯನ್ನು ಅನಂತಮೂರ್ತಿಯವರ ‘ಸಂಸ್ಕಾರ’ಕ್ಕೆ ಯಾರೂ ಕೊಟ್ಟದ್ದಿಲ್ಲ. ಅದು ಕಲಾಕೃತಿ. ಅದರ ನಾಯಕ ಪ್ರಾಣೇಶಾಚಾರ್ಯನಿಗೆ ಒಳತೋಟಿ ಉಂಟು, ಫಣಿಯಮ್ಮನಿಗೆ ಇರುವುದು ಒಪ್ಪೊತ್ತಿನ ಊಟ ಮಾತ್ರ ಎಂಬಲ್ಲಿಗೆ ವಿಚಾರಣೆ ಮುಗಿಯುತ್ತದೆ. ಪಠ್ಯಪುಸ್ತಕದಿಂದ ಪಠ್ಯಪುಸ್ತಕಕ್ಕೆ ಇಳಿದು ಬಂದಿರುವ ಈ ತೀರ್ಪು ನನಗೆ ಅನ್ಯಾಯವೆನಿಸುವುದಕ್ಕಿಂತ ಹೆಚ್ಚಾಗಿ ಪೆದ್ದುತನವೆನಿಸುತ್ತದೆ. ಸುತ್ತಲಿನ ಜನ ಒಂದು ಜೀವವನ್ನು ಹುಟ್ಟಿನಿಂದ ಮುಪ್ಪಿನವರೆಗೆ ಹೇಗೆ ತಿದ್ದುತ್ತ, ತೀಡುತ್ತ ಹೋಗುತ್ತಾರೆ ಎಂಬ ಪ್ರಶ್ನೆಗೆ ನವ್ಯ ಕಾದಂಬರಿ ಕೊಟ್ಟದ್ದು ಅರ್ಧ ಉತ್ತರ. ಉಳಿದರ್ಧಕ್ಕೆ 1976ರ ಈ ಪುಟ್ಟ ಪುಸ್ತಕಕ್ಕೇ ಬರಬೇಕು.

ನವ್ಯರ ನಂಬಿಕೆ ಏನೆಂಬುದನ್ನು ಅವರ ಶೀರ್ಷಿಕೆಗಳೇ ಹೇಳುತ್ತವೆ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ 1961ರದು, ಲಂಕೇಶರ ‘ಬಿರುಕು’ 1967ರದು. ನಡುವೆ 1965ರಲ್ಲಿ ‘ಸಂಸ್ಕಾರ’. ಸಮಾಜವೆಂದರೆ ಮೈಮೇಲಿನ ಹೊದಿಕೆ, ಅದು ಹರಿದರೆ ಒಳಗಿನ ನಿಜವಾದ ವ್ಯಕ್ತಿ ಕಾಣುತ್ತಾನೆ ಎಂಬ ಭರವಸೆ ಈ ಪಂಥದ ಬೆನ್ನುಮೂಳೆ. ಅದರ ತಳದಲ್ಲಿರುವುದು, ತಮಾಷೆಯೆಂದರೆ, ನಮ್ಮ ಅಜ್ಜಿಯರ ಗಾದೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಬಗ್ಗಿಸುವ ಕೆಲಸ ಬಾಲ್ಯದಲ್ಲೇ ಮುಗಿಯಿತು, ಇನ್ನು ಆ ಮರ ಹಾಗೆಯೇ ನಿಂತಿರಬೇಕು, ಇಲ್ಲವೇ ಮುರಿಯಬೇಕು. ಮುರಿಯುವ ಸದ್ದಿಗೆ ನವ್ಯರು ‘ಪ್ರಜ್ಞೆ’ ಎಂದು ಹೆಸರಿಟ್ಟರು. ಕಾಶಿಯಲ್ಲಿ ಓದಿ ಬಂದ, ರೋಗಿಷ್ಠ ಹೆಂಡತಿಯ ಸೇವೆಯನ್ನೇ ವ್ರತವಾಗಿ ಹಿಡಿದ ಆಚಾರ್ಯರ ಬದುಕು ಕಾಡಿನ ಒಂದು ಕತ್ತಲಲ್ಲಿ, ಚಂದ್ರಿ ಎಂಬವಳ ತೋಳಿನಲ್ಲಿ ಕಳಚಿಕೊಳ್ಳುತ್ತದೆ. ಅಷ್ಟು ವರ್ಷಗಳ ಮಡಿ ಒಂದು ರಾತ್ರಿಯಲ್ಲಿ! ಆದರೆ ಅದೇ ಕಾದಂಬರಿ ತನ್ನ ಅತ್ಯುತ್ತಮ ಪುಟಗಳಲ್ಲಿ ಈ ನಂಬಿಕೆಯನ್ನು ಸುಳ್ಳು ಮಾಡುತ್ತದೆ. ಮೇಳಿಗೆಯ ದೇವಸ್ಥಾನದಲ್ಲಿ ಸೂತಕದ ಮೈಯಲ್ಲೇ ಪಂಕ್ತಿಗೆ ಕೂತ ಆಚಾರ್ಯರನ್ನು ನಡುಗಿಸುವುದು ಯಾವ ತತ್ತ್ವವೂ ಅಲ್ಲ, ಯಾರಾದರೂ ಗುರುತು ಹಿಡಿದಾರು ಎಂಬ ಅಂಜಿಕೆ. ಎಲೆಯ ಮುಂದೆ ಕೂತಾಗ ಪಕ್ಕದವನ ಕಣ್ಣು ನಮ್ಮನ್ನು ಆಳುತ್ತದೆ ಎಂಬುದನ್ನು ಅನಂತಮೂರ್ತಿ ಬಲ್ಲರು. ಅವರ ಅನುಯಾಯಿಗಳು ಕಾಡನ್ನು ಎತ್ತಿಕೊಂಡರು, ಪಂಕ್ತಿಯನ್ನು ಬಿಟ್ಟರು.

ಇನ್ನು ಫಣಿಯಮ್ಮ. ಆಟದ ವಯಸ್ಸಿನಲ್ಲಿ ಮದುವೆ. ಹಾವು ಕಚ್ಚಿ ಗಂಡನ ಸಾವು. ಮೈನೆರೆದ ಮೇಲೆ ತಲೆ ಬೋಳು. ಆಮೇಲೆ ನೂರನ್ನೂ ದಾಟಿದ ಆಯುಷ್ಯ. (1894ರಲ್ಲಿ ಮೈಸೂರು ಸಂಸ್ಥಾನ ತಂದ ಬಾಲ್ಯವಿವಾಹ ಕಾಯ್ದೆ ಕೂಡ ತಡೆದದ್ದು ಎಂಟು ತುಂಬದ ಹುಡುಗಿಯರ ಮದುವೆಯನ್ನು, ಒಂಬತ್ತಾಗಿದ್ದರೆ ಕಾನೂನಿಗೆ ತಕರಾರಿರಲಿಲ್ಲ.) ವಿಧವೆ ಎಂದರೇನು ಎಂದು ಮಗುವಿಗೆ ಯಾರೂ ಪಾಠ ಹೇಳುವುದಿಲ್ಲ. ಅವಳು ಅದನ್ನು ಓದಿಕೊಳ್ಳುವುದು ಇತರರ ಮೈಯಿಂದ: ಯಾರು ಮುಖ ತಿರುಗಿಸಿದರು, ಯಾರು ಹೊರಟವರು ಎದುರಿಗೆ ಅವಳನ್ನು ಕಂಡು ಒಳಗೆ ಹೋಗಿ ಕೂತರು, ಹೂ ಹಂಚುವಾಗ ತಟ್ಟೆ ಯಾರನ್ನು ದಾಟಿ ಹೋಯಿತು. ಆದರೂ ಈ ಓದು ಒಮ್ಮೆಗೆ ಮುಗಿಯುವಂಥದ್ದಲ್ಲ. ಗಾದೆ ಎಡವುವುದು ಇಲ್ಲಿಯೇ. ಮಡಿ ಹೆಂಗಸಿನ ಕ್ಷೌರವನ್ನು ಹತ್ತಿರದಿಂದ ನೋಡಿ. ಬೇರೆಲ್ಲ ಹೊತ್ತಿನಲ್ಲಿ ನೆರಳು ತಾಗಿದರೂ ಮೈಲಿಗೆಯೆನ್ನುವ ಮನೆ, ಅಂದು ಮಾತ್ರ ಹಿತ್ತಲಲ್ಲಿ ಪರಗಂಡಸೊಬ್ಬನ ಕೈಗೆ ಅವಳ ತಲೆಯನ್ನು ಒಪ್ಪಿಸುತ್ತದೆ. ಅವನು ಕತ್ತಿ ಮಡಿಚಿ ಹೊರಟ ಮೇಲೆ ತಲೆಯ ಮೇಲೆ ತಣ್ಣೀರು, ಮೈಗೆ ಕೆಂಪು ಸೀರೆ, ಮತ್ತೆ ಅವಳು ಯಾರೂ ಮುಟ್ಟಬಾರದವಳು. ಕೂದಲೋ, ಅದಕ್ಕೆ ಶಾಸ್ತ್ರ ಗೊತ್ತಿಲ್ಲ. ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಆದ್ದರಿಂದ ಕತ್ತಿಯೂ ಮತ್ತೆ ಬರಬೇಕು, ಇಪ್ಪತ್ತಕ್ಕೂ ಬರಬೇಕು, ಎಂಬತ್ತಕ್ಕೂ ಬರಬೇಕು. ಗಿಡವನ್ನು ಬಗ್ಗಿಸಿಟ್ಟರೆ ಸಾಕಾಗಿದ್ದರೆ ಸಮಾಜ ಇಷ್ಟು ದುಡಿಯಬೇಕಿರಲಿಲ್ಲ.

ಹೀಗೆ ಜೀವಮಾನವಿಡೀ ತಿದ್ದಿಸಿಕೊಂಡವಳಿಗೆ ‘ಸ್ವಂತ’ ಎನ್ನುವುದೇನಾದರೂ ಉಳಿದೀತೇ? ನವ್ಯ ವಿಮರ್ಶಕ ಉಳಿಯದು ಎನ್ನುತ್ತಾನೆ, ಕೃತಿಯನ್ನು ಕೆಳಗಿಡುತ್ತಾನೆ. ಇಂದಿರಾ ಅವಸರ ಮಾಡುವುದಿಲ್ಲ. ಫಣಿಯಮ್ಮ ತನಗೆ ಹೊರಿಸಿದ ನೇಮವನ್ನು ಹೊತ್ತು ಹೊತ್ತು ತನ್ನದಾಗಿಸಿಕೊಳ್ಳುತ್ತಾಳೆ. ಯಾರ ಹಂಗಿಲ್ಲದ ಊಟ, ಯಾರ ಮುಲಾಜಿಲ್ಲದ ಮಾತು. ಮುಪ್ಪಿಗೆ ಬರುವ ಹೊತ್ತಿಗೆ ಅವಳ ಮಡಿ ಒಂದು ಗಂಟಾಗಿದೆ, ಊರು ಕೈಮುಗಿಯುವ ಗಂಟು. ಅದನ್ನು ಅವಳು ಖರ್ಚು ಮಾಡುವ ರೀತಿ ನೋಡಿ. ಅಸ್ಪೃಶ್ಯಳೊಬ್ಬಳ ಹೆರಿಗೆ ಕಷ್ಟವಾದಾಗ ಅದೇ ಮಡಿಯ ಕೈ ನೆರವಿಗೆ ಹೋಗುತ್ತದೆ. ಹರೆಯದ ವಿಧವೆ ದಾಕ್ಷಾಯಿಣಿ ತಲೆ ಕೊಡಲಾರೆ ಎಂದು ಸೆಟೆದು ನಿಂತಾಗ, ತಾನು ತಲೆ ಕೊಟ್ಟ ಫಣಿಯಮ್ಮ ಅವಳ ಪಕ್ಷ ವಹಿಸುತ್ತಾಳೆ. ದಾಕ್ಷಾಯಿಣಿಯ ಬಂಡಾಯವನ್ನು ಮೆಚ್ಚುವುದು ಸುಲಭ. ಎಲ್ಲ ನೋವನ್ನೂ ಉಂಡು, ನಿನಗೂ ಇದೇ ಇರಲಿ ಎನ್ನದೆ ಇರುವುದು ಎಷ್ಟು ಅಪರೂಪ ಎಂಬುದು ಅತ್ತೆ-ಸೊಸೆಯರ ನಾಡಿಗೆ ಗೊತ್ತಿರಬೇಕಿತ್ತು. ಎಲ್ಲರೂ ತಾವು ಬಗ್ಗಿದಷ್ಟೇ ಮುಂದಿನವರನ್ನೂ ಬಗ್ಗಿಸುತ್ತಾರೆ, ರೂಢಿ ತಲೆಮಾರು ದಾಟುವುದು ಹಾಗೆ. ಅವಳು ತನ್ನ ಪಾಲಿನ ಕೊಂಡಿಯನ್ನು ಸುಮ್ಮನೆ ಕಳಚಿ ಕೂರುತ್ತಾಳೆ, ಮೊಣಕಾಲು ಬಗ್ಗದ ವಯಸ್ಸಿನಲ್ಲಿ.

ಇದು ಸಂತಳ ಚಿತ್ರ, ಗಂಡಾಳಿಕೆಗೆ ಹಿತವಾದ ಸಹನೆಯ ಪುರಾಣ ಎಂಬ ಆಕ್ಷೇಪ ಇದೆ, ಹುರುಳಿಲ್ಲದ್ದೂ ಅಲ್ಲ. ಫಣಿಯಮ್ಮನ ಸಿಟ್ಟನ್ನು ಇಂದಿರಾ ತುಸು ಜಾಸ್ತಿಯೇ ತೊಳೆದು ಒಣಹಾಕಿದ್ದಾರೆ. ಅಷ್ಟು ವರ್ಷಗಳಲ್ಲಿ ಒಮ್ಮೆ ಪಾತ್ರೆ ಕುಕ್ಕಿದ ಸದ್ದಾದರೂ ಕೇಳಿಸಬಾರದಿತ್ತೇ? ಆದರೆ ಇದೇ ತಕ್ಕಡಿಯಲ್ಲಿ ಶಿವರಾಮ ಕಾರಂತರನ್ನೂ ತೂಗೋಣ. 1968ರ ‘ಮೂಕಜ್ಜಿಯ ಕನಸುಗಳು’ ಕೂಡ ಬಾಲವಿಧವೆಯ ಕತೆಯೇ, ಅದಕ್ಕೆ ಜ್ಞಾನಪೀಠವೂ ಬಂತು. ಅಲ್ಲಿ ಅಜ್ಜಿಗೆ ಅತೀಂದ್ರಿಯ ಶಕ್ತಿಯಿದೆ, ಮುಟ್ಟಿದ ವಸ್ತುವಿನಿಂದ ಯುಗಯುಗಗಳಾಚೆಗೆ ಹೋಗುತ್ತಾಳೆ, ಮೊಮ್ಮಗ ಸುಬ್ಬರಾಯನಿಗೆ ನಾಗರಿಕತೆಯ ಚರಿತ್ರೆ ತೋರಿಸುತ್ತಾಳೆ. ಮುದುಕಿಗೆ ವಿವೇಕ ಬರಬೇಕಾದರೆ ಪವಾಡವೇ ಬೇಕೇ? ಅದೇ ಕಾರಂತರು 1941ರ ‘ಮರಳಿ ಮಣ್ಣಿಗೆ’ಯಲ್ಲಿ ಸರಸೋತಿಯನ್ನು ಬರೆದಾಗ ಪವಾಡ ಬೇಕಾಗಿರಲಿಲ್ಲ, ಅಣ್ಣ ರಾಮ ಐತಾಳರ ಮನೆಗೆ ಬೆನ್ನು ಬಗ್ಗಿಸಿ ದುಡಿಯುತ್ತಲೇ ಆ ವಿಧವೆಯ ನಾಲಗೆ ಮೊನಚಾಯಿತು. ನನಗೆ ಮೂಕಜ್ಜಿಗಿಂತ ಸರಸೋತಿ ದೊಡ್ಡವಳು, ಫಣಿಯಮ್ಮ ಅವಳ ತಂಗಿ.

ಬರಹ ಸಪಾಟು, ಕತೆಗೆ ಕಟ್ಟೋಣವಿಲ್ಲ ಎಂಬುದು ಎರಡನೆಯ ತಕರಾರು. ಕೆಲವು ದಿನಗಳ ಕತೆಗೆ ಬಿಗಿ ಬಂಧ ಸುಲಭ. ಒಂದು ಶತಮಾನವನ್ನು ಹೇಳುವವರು ಆಮೇಲೆ, ಆಮೇಲೆ ಎನ್ನುತ್ತಲೇ ಹೋಗಬೇಕು. ಬೇಸಾಯದ, ಅಡುಗೆಯ, ಮುಪ್ಪಿನ ಲಯ ಅದು. ಈ ಲಯವನ್ನು ಅರುಚಿಯೆಂದು ತಳ್ಳಿದವರ ರುಚಿ ಎಲ್ಲಿ ತಯಾರಾಯಿತು ಎಂದೂ ಕೇಳಬೇಕಲ್ಲ. ಅಡಿಗ, ಅನಂತಮೂರ್ತಿ, ಲಂಕೇಶ್, ದೇಸಾಯಿ ಎಲ್ಲರೂ ಇಂಗ್ಲಿಷ್ ಮೇಷ್ಟರು. ಅದು ತಪ್ಪಲ್ಲ. ಆದರೆ ಸಮಾಜ ಮನುಷ್ಯನನ್ನು ಅಚ್ಚಿಗೆ ಹಾಕುತ್ತದೆ ಎಂದು ಗುಡುಗಿದ ಪಂಥ, ತನ್ನ ರುಚಿಯನ್ನು ಎರಕ ಹೊಯ್ದ ಕಾಲೇಜು ಕೋಣೆಯನ್ನು ಮಾತ್ರ ಸಮಾಜದೊಳಗೆ ಸೇರಿಸಲಿಲ್ಲ. ತೇಜಸ್ವಿ ಅದನ್ನು ಮೊದಲೇ ಮೂಸಿದ್ದರು. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲೇ ನವ್ಯಕ್ಕೆ ಬೆನ್ನು ತಿರುಗಿಸಿದರು. ಅತ್ತ ಬಾಡಿಗೆ ಲೈಬ್ರರಿಗಳಿಂದ ತ್ರಿವೇಣಿಯವರ ಕಾದಂಬರಿಗಳನ್ನು ತಂದು, ಅನ್ನ ಬೇಯುವಷ್ಟರಲ್ಲಿ ಹತ್ತು ಪುಟ ಓದುತ್ತಿದ್ದ ಹೆಂಗಸರ ಅಭಿರುಚಿಗೆ ‘ಜನಪ್ರಿಯ’ ಎಂಬ ಮುದ್ರೆ ಬಿತ್ತು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬಂದರೂ, ಹುಚ್ಚಿಯೆಂದು ನೋಡುವ ಮನೆಯವರ ಕಣ್ಣುಗಳೇ ಅವಳನ್ನು ಮತ್ತೆ ಅಲ್ಲಿಗೆ ಅಟ್ಟುತ್ತವೆ ಎಂಬುದು ಆ ಓದುಗಿಯರಿಗೆ ವಿಮರ್ಶಕರ ಸಹಾಯವಿಲ್ಲದೆ ತಿಳಿದಿತ್ತು.

ಇಂದಿರಾ ಅವರೂ ಮರವಾದ ಮೇಲೆ ಬಗ್ಗಿದವರೇ. ಹುಟ್ಟಿದ್ದು 1917, ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಎಳವೆಯಲ್ಲೇ ಮದುವೆಯಾಗಿ, ಸಂಸಾರದ ನಡುವೆ ನಲವತ್ತು ದಾಟಿದ ಹೆಂಗಸು, ತನ್ನ ತಾಯಿಗೆ ನಿಜದ ಫಣಿಯಮ್ಮಜ್ಜಿ ಹೇಳಿಕೊಂಡಿದ್ದ ಬದುಕನ್ನು ಐವತ್ತೆಂಟು-ಐವತ್ತೊಂಬತ್ತರ ಪ್ರಾಯದಲ್ಲಿ ಕೈಗೆತ್ತಿಕೊಂಡರು. 1983ರಲ್ಲಿ ಪ್ರೇಮಾ ಕಾರಂತ ಅದನ್ನು ಸಿನಿಮಾ ಮಾಡಿದರು. ಹೇಳಿದವಳು, ಕೇಳಿದವಳು, ಬರೆದವಳು, ತೆರೆಗೆ ತಂದವಳು: ನಾಲ್ವರೂ ಹೆಂಗಸರು. ಕನ್ನಡ ವಿಭಾಗಗಳಲ್ಲಿ ಪರಂಪರೆಯ ನಕ್ಷೆ ಬರೆಯುವಾಗ ಈ ಸಾಲಿಗೆ ಇನ್ನೂ ಗೆರೆ ಎಳೆದಿಲ್ಲ.